ಬಣ್ಣ ಎಲ್ಲಿಂದ ಬಂತು? ಮರೆಮಾಚು ವಿನ್ಯಾಸದ ಒಂದು ಪಾಠ, ಎರಡು ತರಗತಿ

ಹಿನ್ನೆಲೆ

ನಾನು ವಿಜ್ಞಾನ ಬೋಧನಾ ವಿಷಯದ ಪ್ರಶಿಕ್ಷಣಾರ್ಥಿ. ಕಲೆಯನ್ನು ಸಂಯೋಜಿಸಿದ ಪಾಠವೊಂದನ್ನು ಬೋಧಿಸಿ ದಾಖಲಿಸಬೇಕಿತ್ತು. ಎಂಟನೇ ತರಗತಿಗೆ ‘ನನ್ನದೇ ಮರೆಮಾಚು ವಿನ್ಯಾಸ’ ಎಂಬ ಚಟುವಟಿಕೆಯನ್ನು ಆರಿಸಿಕೊಂಡೆ. ಸುತ್ತಲಿನ ನೆಲ, ಗಿಡ, ಬಂಡೆಗಳೊಡನೆ ಬೆರೆತು ಕಣ್ಣಿಗೆ ಬೀಳದಂತೆ ಮಾಡುವ ಬಣ್ಣ ಮತ್ತು ಆಕಾರಗಳ ಜೋಡಣೆಯನ್ನು, ಅಂದರೆ ಕ್ಯಾಮೊಫ್ಲಾಜನ್ನು, ಇಲ್ಲಿ ಮರೆಮಾಚು ವಿನ್ಯಾಸ ಎಂದು ಕರೆದಿದ್ದೇನೆ. ಬೋಧನಾಭ್ಯಾಸದ ಮೊದಲ ಹಂತ ಚಳ್ಳಕೆರೆಯ ಒಂದು ಪ್ರೌಢಶಾಲೆಯಲ್ಲಿ, ಎರಡನೇ ಹಂತ ಮೊಳಕಾಲ್ಮುರಿನ ಒಂದು ಪ್ರೌಢಶಾಲೆಯಲ್ಲಿ ನಡೆಯಿತು. ಹೀಗಾಗಿ ಒಂದೇ ಪಾಠವನ್ನು ಎರಡು ಸಲ ಮಾಡುವ ಅವಕಾಶ ಸಿಕ್ಕಿತು. ಮೊದಲ ಸಲ ಪಾಠ ಸೋತಿತು. ಏಕೆ ಸೋತಿತು ಎಂಬುದನ್ನು ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಮೊದಲ ಪಾಠ: ಚಳ್ಳಕೆರೆ

ಎಲೆಕೀಟ, ಊಸರವಳ್ಳಿ ಮತ್ತು ಹಸಿರು ಸಮವಸ್ತ್ರದ ಸೈನಿಕನ ಚಿತ್ರಗಳಿದ್ದ ಚಾರ್ಟನ್ನು ತೂಗುಹಾಕಿದೆ. ಪ್ರಶ್ನೆ ಕೇಳಿದೆ, ಉತ್ತರ ಬಂತು. ಕಪ್ಪುಹಲಗೆಯ ಮೇಲೆ ವ್ಯಾಖ್ಯೆ ಬರೆದೆ. ನಂತರ “ಈಗ ನಿಮ್ಮದೇ ವಿನ್ಯಾಸ ಬಿಡಿಸಿ” ಎಂದೆ. ಮಕ್ಕಳು ಉತ್ಸಾಹದಿಂದ ಬಿಡಿಸಿದರು. ಆದರೆ ಹೆಚ್ಚುಕಡಿಮೆ ಎಲ್ಲ ಹಾಳೆಗಳಲ್ಲೂ ಹಸಿರು, ಕಂದು, ಕಪ್ಪು ಮಚ್ಚೆಗಳೇ. ಚಾರ್ಟಿನಲ್ಲಿದ್ದ ಸೈನಿಕನ ಅಂಗಿ ಇಡೀ ತರಗತಿಗೆ ಹಂಚಿಹೋಗಿತ್ತು.

ಉಳಿದ ಹತ್ತು ನಿಮಿಷದಲ್ಲಿ ಹಾಳೆಗಳನ್ನು ಶಾಲೆಯ ಹಿಂದಿನ ಬಯಲಿಗೆ ಒಯ್ದು ನೆಲದ ಮೇಲೆ ಇಡಿಸಿದೆ. ಒಣಗಿದ ಹುಲ್ಲು, ಕೆಂಪು ಮಣ್ಣು, ಬೆಣಚುಕಲ್ಲಿನ ಚೂರು. ಅದರ ಮೇಲೆ ಹಸಿರು ಹಾಳೆಗಳು ದೂರದಿಂದಲೇ ಎದ್ದು ಕಂಡವು. ಒಬ್ಬ ಹುಡುಗ ಹೇಳಿದ: “ಮಿಸ್, ಇದು ಮಲೆನಾಡ್ನಾಗೆ ಅಡಗ್ತೈತೆ, ನಮ್ಮೂರಾಗಲ್ಲ.” ತರಗತಿ ನಕ್ಕಿತು, ನಾನೂ ನಕ್ಕೆ. ಆದರೆ ಪಾಠದ ಸಾರವನ್ನು ಹೇಳಿದವನು ಅವನು, ನಾನಲ್ಲ. ಮಾರ್ಗದರ್ಶಕ ಉಪನ್ಯಾಸಕರು ಅವಲೋಕನ ಪುಸ್ತಕದಲ್ಲಿ ಒಂದೇ ಪ್ರಶ್ನೆ ಬರೆದಿದ್ದರು: “ಬಣ್ಣ ಎಲ್ಲಿಂದ ಬಂತು?”

ಮರುದಿನ ಅದೇ ಪ್ರಶ್ನೆಯನ್ನು ಮಕ್ಕಳ ಮುಂದಿಟ್ಟೆ. ಚಳ್ಳಕೆರೆ ಸುತ್ತಿನ ಅಮೃತಮಹಲ್ ಕಾವಲು ಅವರಿಗೆ ಗೊತ್ತಿರುವ ಜಾಗ. ಕುರಿ ಕಾಯಲು ಹೋಗುವ ಹುಡುಗನೊಬ್ಬ, ಟಿಟ್ಟಿಭದ ಮೊಟ್ಟೆ ಕಾಲಡಿಗೆ ಬಂದರೂ ಕಾಣುವುದಿಲ್ಲ ಎಂದ. ಆ ಹಕ್ಕಿ ಗೂಡು ಕಟ್ಟುವುದಿಲ್ಲ, ಬರಿ ನೆಲದಲ್ಲೇ ಮೊಟ್ಟೆ ಇಡುತ್ತದೆ. ಮಾಸಲು ಬಣ್ಣದ ಮೇಲಿನ ಕಪ್ಪು ಕಲೆಗಳಿಂದಾಗಿ ಮೊಟ್ಟೆ ಕಲ್ಲುಚೂರಿನಂತೆಯೇ ಕಾಣುತ್ತದೆ. ಇನ್ನೊಬ್ಬಳು ತಾತನ ಕರಿ ಕಂಬಳಿಯ ಮಾತು ತೆಗೆದಳು: ಜಾಲಿ ಮರದ ನೆರಳಲ್ಲಿ ತಾತ ಕುಳಿತರೆ ಗೊತ್ತೇ ಆಗುವುದಿಲ್ಲ, ಬಿಸಿಲಿಗೆ ಬಂದರೆ ಒಂದು ಮೈಲಿಯಿಂದ ಕಾಣುತ್ತದೆ. ಕಂಬಳಿ ಅದೇ, ಜಾಗ ಮಾತ್ರ ಬೇರೆ. ಇಂಥ ಉದಾಹರಣೆಗಳಿಂದ ಶುರುವಾಗಬೇಕಿದ್ದ ಪಾಠವನ್ನು ನಾನು ಚಾರ್ಟಿನಿಂದ ಶುರುಮಾಡಿದ್ದೆ.

ಪರಿಷ್ಕೃತ ಪಾಠ: ಮೊಳಕಾಲ್ಮುರು

ಇಲ್ಲಿ ಮೂರು ಅವಧಿಗಳನ್ನು ಕೇಳಿ ಪಡೆದೆ. ಊರಿಗೆ ಬಂಡೆಗಳ ಗುಡ್ಡವೇ ಬೆನ್ನು. ತರಗತಿಯಲ್ಲಿ ರೇಷ್ಮೆ ಸೀರೆ ನೇಯುವ ಮನೆಗಳ ಮಕ್ಕಳೂ ಇದ್ದರು. ಹಂತಗಳು ಹೀಗಿದ್ದವು.

1. ಜಾಗದ ಆಯ್ಕೆ. “ನೀನು ಎಲ್ಲಿ ಯಾರ ಕಣ್ಣಿಗೂ ಬೀಳದಂತೆ ಇರಬೇಕು?” ಪ್ರತಿಯೊಬ್ಬರೂ ಒಂದು ನಿಜವಾದ ಜಾಗವನ್ನು ಬರೆಯಬೇಕು. ವಿನ್ಯಾಸ ‘ನನ್ನದೇ’ ಆಗುವುದು ಇಲ್ಲಿಂದ.

2. ಬಣ್ಣದ ಲೆಕ್ಕ. ಆ ಜಾಗವನ್ನು 20 ಹೆಜ್ಜೆ ದೂರದಿಂದ, ಕಣ್ಣನ್ನು ಅರೆಮುಚ್ಚಿ ನೋಡುವುದು. ಆಗ ಸಣ್ಣ ವಿವರಗಳು ಕರಗಿ ದೊಡ್ಡ ಬಣ್ಣಗಳು ಉಳಿಯುತ್ತವೆ. ನಾಲ್ಕೇ ಬಣ್ಣ ಆರಿಸಿ, ಹತ್ತು ಚೌಕಗಳಲ್ಲಿ ಯಾವುದಕ್ಕೆ ಎಷ್ಟು ಚೌಕ ಎಂದು ತುಂಬುವುದು. ಬಂಡೆ ‘ಬೂದು’ ಎಂದು ಹೊರಟವರು ನಸುಗೆಂಪು, ಮಳೆನೀರು ಇಳಿದ ಕಪ್ಪು ಪಟ್ಟೆ, ಕಲ್ಲುಹೂವಿನ ಬಿಳಿಚು ಮಚ್ಚೆಗಳನ್ನು ಹಿಡಿದು ಬಂದರು.

3. ಬಣ್ಣದ ತಯಾರಿ. ಕೆಮ್ಮಣ್ಣು, ಇದ್ದಿಲು, ಸುಣ್ಣ, ಇಟ್ಟಿಗೆ ಪುಡಿಗಳನ್ನು ಅಂಟಿನಲ್ಲಿ ಕಲಸಿದೆವು. ಸುಣ್ಣವನ್ನು ಮಾತ್ರ ನಾನೇ ಕಲಸಿಕೊಟ್ಟೆ. ಮೇಣದ ಬಣ್ಣಕಡ್ಡಿ ಬಳಸಿದ ಹಾಳೆಗಳು ಬಿಸಿಲಿಗೆ ಹೊಳೆದು ಸಿಕ್ಕಿಬಿದ್ದವು. ಬಣ್ಣ ಹೊಂದಿದರೂ ಹೊಳಪು ಗುಟ್ಟು ಬಿಟ್ಟುಕೊಡುತ್ತದೆ ಎಂಬುದು ಯೋಜನೆಯಲ್ಲಿ ಇಲ್ಲದ ಕಲಿಕೆ.

4. ಆಕಾರ. ಬಣ್ಣ ಹೊಂದಿದರಷ್ಟೇ ಸಾಲದು, ಅಂಚು ಒಡೆಯಬೇಕು. ಮಚ್ಚೆಗಳು ಹಾಳೆಯ ಅಂಚಿಗಿಂತ ಒಳಗೇ ನಿಂತರೆ ಚೌಕಾಕಾರ ಕಣ್ಣಿಗೆ ಹೊಡೆಯುತ್ತದೆ. ದೊಡ್ಡ ಮಚ್ಚೆಗಳು ಅಂಚನ್ನು ದಾಟಿ ಹೊರಹೋಗುವಂತಿರಬೇಕು.

5. ಪರೀಕ್ಷೆ. ಹಾಳೆಯನ್ನು ಅದರ ಜಾಗದಲ್ಲಿಟ್ಟು, ಬೇರೆ ತಂಡ 20 ಹೆಜ್ಜೆಯಿಂದ ಹುಡುಕಬೇಕು. ಒಬ್ಬರು ಸೆಕೆಂಡು ಎಣಿಸಬೇಕು. ಅಂಕ ಕೊಡುವವಳು ನಾನಲ್ಲ, ಹುಡುಕುವವರ ಕಣ್ಣು.

ನಾಲ್ಕನೇ ಹಂತದಲ್ಲಿ ನೇಕಾರರ ಮನೆಯ ಹುಡುಗನೊಬ್ಬ ನನಗೇ ಪಾಠ ಮಾಡಿದ. ಸೀರೆಯ ವಿನ್ಯಾಸವನ್ನು ಮೊದಲು ಗ್ರಾಫ್ ಹಾಳೆಯಲ್ಲಿ ಬರೆದು, ಅದರಂತೆ ಜಕಾರ್ಡ್ ಕಾರ್ಡುಗಳಿಗೆ ತೂತು ಹೊಡೆಯುವುದನ್ನು ಅವನು ನೋಡಿ ಬೆಳೆದವನು. “ಬುಟ್ಟಾ ಸರಿಯಾಗಿ ಮತ್ತೆ ಮತ್ತೆ ಬಂದ್ರೆ ಸೀರೆಗೆ ಚೆಂದ ಮಿಸ್. ಇದಕ್ಕೆ ಹಂಗೆ ಬಂದ್ರೆ ಕಣ್ಣು ಎಣಿಸಿಬಿಡ್ತೈತೆ,” ಎಂದ. ಮರೆಮಾಚುವ ಬಟ್ಟೆಯನ್ನು ಅಚ್ಚು ಹಾಕುವಾಗಲೂ ವಿನ್ಯಾಸ ಮರುಕಳಿಸುತ್ತದೆ. ಆ ಮರುಕಳಿಕೆ ಕಾಣದಂತೆ ಮಾಡುವುದೇ ವಿನ್ಯಾಸಕಾರನ ಕೆಲಸ. ಅವನ ಮಾತಿನ ಮೇಲೆ ಎಲ್ಲರೂ ಗ್ರಾಫ್ ಹಾಳೆಗೆ ಬಂದೆವು.

ಹಿನ್ನೆಲೆಯ ವಿಷಯವನ್ನು ಕೊನೆಗೆ, ಅವರ ಕೆಲಸದ ನಂತರ ಹೇಳಿದೆ. ಖಾಕಿ ಎಂಬ ಪದ ಧೂಳು ಎಂಬರ್ಥದ ಪಾರಸಿ ಮಾತಿನಿಂದ ಬಂದದ್ದು. 1846ರಲ್ಲಿ ಪೇಶಾವರದಲ್ಲಿ ಕಟ್ಟಿದ ಗೈಡ್ಸ್ ದಳದ ಮೂಲಕ ಸೈನ್ಯಕ್ಕೆ ಬಂತು. ಪ್ರಾಣಿಗಳ ಬೆನ್ನು ಗಾಢ, ಹೊಟ್ಟೆ ತಿಳಿ ಇರುವುದರಿಂದ ಮೈ ಚಪ್ಪಟೆಯಾಗಿ ಕಂಡು ಮರೆಯಾಗುತ್ತದೆ ಎಂದು ವಿವರಿಸಿದವರು ಅಮೆರಿಕದ ಚಿತ್ರಕಾರ ಅಬ್ಬಾಟ್ ಥೇಯರ್. ನಮ್ಮ ಕೃಷ್ಣಮೃಗ ಇದಕ್ಕೆ ಹತ್ತಿರದ ಉದಾಹರಣೆ. ಫ್ರಾನ್ಸ್ 1915ರಲ್ಲಿ ಮರೆಮಾಚುವ ಕೆಲಸಕ್ಕೆಂದೇ ಸೈನ್ಯದಲ್ಲಿ ಚಿತ್ರಕಾರರ ವಿಭಾಗ ತೆರೆಯಿತು. “ಹಂಗಾದ್ರೆ ಡ್ರಾಯಿಂಗ್ ಬಂದ್ರೂ ಮಿಲಿಟರಿಗೆ ಸೇರ್ಬೋದಾ?” ಎಂಬ ಪ್ರಶ್ನೆ ಬಂತು.

ಪರೀಕ್ಷೆಯಲ್ಲಿ ಸಿಗದ ಹಾಳೆ

ಬಂಡೆ, ಹುಣಸೆ ಬುಡ, ಕಡಲೆಕಾಯಿ ಹೊಲದ ಬದು ಎಲ್ಲ ಮುಗಿದ ಮೇಲೂ ಒಂದು ಹಾಳೆ ಸಿಗಲಿಲ್ಲ. ಅದು ತರಗತಿಯ ಒಳಗೇ ಇತ್ತು. ಒಬ್ಬ ಹುಡುಗಿ ತನ್ನ ಜಾಗವೆಂದು ಬರೆದಿದ್ದದ್ದು ‘ಕೊನೇ ಬೆಂಚಿನ ಹಿಂದಿನ ಗೋಡೆ’. ಕೆಳಗೆ ನೀಲಿ ಎಣ್ಣೆಬಣ್ಣ, ಮೇಲೆ ಮಾಸಿದ ಸುಣ್ಣ, ನಡುವೆ ವರ್ಷಗಟ್ಟಲೆ ಎಣ್ಣೆ ಹಚ್ಚಿದ ತಲೆಗಳು ಒರಗಿ ಆದ ಕಂದು ಮಚ್ಚೆ. ಮೂರನ್ನೂ ಅವಳು ತಪ್ಪದೆ ಹಿಡಿದಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ಸಂಜೆ ನನ್ನ ಪ್ರಶ್ನೋತ್ತರ ದಾಖಲೆ ತೆರೆದೆ. ಯಾರಿಗೆ ಪ್ರಶ್ನೆ ಕೇಳಿದೆ ಎಂದು ಆಸನ ನಕ್ಷೆಯಲ್ಲಿ ಗುರುತು ಹಾಕುವುದು ನಮ್ಮ ರೂಢಿ. ಎರಡು ವಾರದಲ್ಲಿ ಅವಳ ಚೌಕದಲ್ಲಿ ಒಂದು ಗುರುತೂ ಇರಲಿಲ್ಲ. ಅದೇ ಸಾಲಿನ ಇನ್ನೂ ಮೂರು ಚೌಕಗಳು ಖಾಲಿ. ಅವಳು ಕಾಣದಂತೆ ಕೂರುವುದನ್ನು ಆ ಪಾಠಕ್ಕೆ ಮೊದಲೇ ಕಲಿತಿದ್ದಳು. ಹುಡುಕದೆ ಇದ್ದವಳು ನಾನು.

ಇದನ್ನು ತರಗತಿಯಲ್ಲಿ ಎತ್ತಿ ಆಡಲಿಲ್ಲ. ಅಡಗಿದವರನ್ನು ಎಲ್ಲರ ಮುಂದೆ ಎಳೆದು ನಿಲ್ಲಿಸಿದರೆ ಅವರು ಇನ್ನೂ ಚೆನ್ನಾಗಿ ಅಡಗುತ್ತಾರೆ. ಉಳಿದ ದಿನಗಳಲ್ಲಿ ಹಿಂದಿನ ಸಾಲಿನ ಹತ್ತಿರ ನಿಂತು ಪಾಠ ಮಾಡಿದೆ, ಗುಂಪುಕೆಲಸದಲ್ಲಿ ಮೊದಲು ಅಲ್ಲಿಗೆ ಹೋದೆ. ನಾಲ್ಕನೇ ದಿನ ಅವಳು ತಾನಾಗಿಯೇ ಕೈ ಎತ್ತಿ, ನೀಲಿಯನ್ನು ಹೇಗೆ ಮಂಕು ಮಾಡಿದಳೆಂದು ಹೇಳಿದಳು: ಒಂದು ಚಿಟಿಕೆ ಇದ್ದಿಲು.

ಸಹಪ್ರಶಿಕ್ಷಣಾರ್ಥಿಗಳಿಗೆ ಸಲಹೆಗಳು

ಚಾರ್ಟನ್ನು ಮಕ್ಕಳ ಕೆಲಸ ಮುಗಿದ ಮೇಲೆ ತೋರಿಸಿ; ಮೊದಲೇ ತೋರಿಸಿದರೆ ಅದೇ ಉತ್ತರವಾಗುತ್ತದೆ.

ಸೈನಿಕರ ಸಮವಸ್ತ್ರದ ನಕಲು ಗುರಿಯಲ್ಲ ಎಂದು ಆರಂಭದಲ್ಲೇ ತಿಳಿಸಿ.

ಪರೀಕ್ಷೆಯನ್ನು ಬಿಸಿಲಲ್ಲಿ ಒಮ್ಮೆ, ನೆರಳಲ್ಲಿ ಒಮ್ಮೆ ಮಾಡಿ. ಫಲಿತಾಂಶ ಬದಲಾದರೆ ಅದೇ ಮುಂದಿನ ಚರ್ಚೆ.

ಮೂರು ಅವಧಿ ಸಿಗದಿದ್ದರೆ ಬಣ್ಣದ ಲೆಕ್ಕ ಮತ್ತು ಪರೀಕ್ಷೆ ಎರಡನ್ನಾದರೂ ಉಳಿಸಿಕೊಳ್ಳಿ.

ಪಾಠ ಮುಗಿದ ದಿನ ನಿಮ್ಮ ಆಸನ ನಕ್ಷೆಯನ್ನೂ 20 ಹೆಜ್ಜೆಯಿಂದ ನೋಡಿ. ಖಾಲಿ ಚೌಕಗಳ ಹೆಸರನ್ನು ಮರುದಿನದ ಪಾಠಯೋಜನೆಯ ಅಂಚಿನಲ್ಲಿ ಬರೆದುಕೊಳ್ಳಿ.