ತೊಂಬತ್ತರಲ್ಲಿ ನಡುಗಿದ ಸ್ಟೇರಿಂಗ್

ಗದಗದಲ್ಲಿ ಮೂರು ತಿಂಗಳು ಶಾಲೆ, ಸಂತೆ, ತೋಂಟದಾರ್ಯ ಮಠ ಅಂತ ಓಡಾಡಿಕೊಂಡಿದ್ದ ನಮ್ಮ ಹೊಸ ಗಾಡಿ ಶ್ರಾವಣದ ಒಂದು ಮುಂಜಾನೆ ಧಾರವಾಡ ದಾಟಿ ಕಿತ್ತೂರಿನ ಕಡೆ ಹೊರಟಿತ್ತು. ರಾಷ್ಟ್ರೀಯ ಹೆದ್ದಾರಿ 48 ಖಾಲಿ ಇತ್ತು. ಮೊದಲ ಸಲ ತೊಂಬತ್ತು ಮುಟ್ಟಿದೆ. ಮುಟ್ಟಿದ ಕೂಡಲೇ ಸ್ಟೇರಿಂಗ್ ಚಕ್ರ ಕೈಯೊಳಗೆ ಸಣ್ಣಗೆ ನಡುಗತೊಡಗಿತು. ಎಂಬತ್ತಕ್ಕೆ ಇಳಿಸಿದರೆ ನಿಂತಿತು, ಮತ್ತೆ ತೊಂಬತ್ತಕ್ಕೆ ಏರಿಸಿದರೆ ಮತ್ತೆ ಬಂತು. ಹಿಂದೆ ಕೂತಿದ್ದ ಅವ್ವ, "ಗಾಡಿ ಯಾಕೋ ಥಂಡಿ ಹತ್ತಿದಂಗ ನಡಗಾಕತ್ತೈತಲ್ಲೋ" ಅಂದಳು. ಮೀಟರಿನಲ್ಲಿ ಇನ್ನೂ 2,600 ಕಿಲೋಮೀಟರ್ ಕೂಡ ಆಗಿರಲಿಲ್ಲ.

ಅಲ್ಲಿಂದ ಆ ನಡುಕದ ಮೂಲ ಸಿಗುವವರೆಗೆ ಐದು ವಾರ ಹಿಡಿಯಿತು. ಮೂಲ ಸಿಕ್ಕಿದ್ದು ಹುಬ್ಬಳ್ಳಿಯ ಒಂದು ಟೈರಿನ ಅಂಗಡಿಯಲ್ಲಿ. ಆ ಐದು ವಾರಗಳಲ್ಲಿ ಕಲಿತದ್ದನ್ನು ಬರೆದಿಡುವುದು ನನ್ನ ಕರ್ತವ್ಯ ಅನ್ನಿಸಿದೆ. ಹೊಸ ಗಾಡಿ ಕೊಂಡವರಲ್ಲಿ ಎಷ್ಟೋ ಮಂದಿ ಇಂಥ ನಡುಕವನ್ನು ರಸ್ತೆಯ ತಲೆಗೆ ಕಟ್ಟಿ ವರ್ಷಗಟ್ಟಲೆ ಸಹಿಸಿಕೊಂಡು ಹೋಗುತ್ತಾರೆ.

ನನಗೆ ಮೊದಲು ಸಂಶಯ ಬಂದದ್ದು ಎರೆಮಣ್ಣಿನ ಮೇಲೆ. ಹಿಂದಿನ ವಾರವಷ್ಟೇ ರೋಣದ ಹತ್ತಿರದ ನಮ್ಮ ಹೊಲಕ್ಕೆ ಹೆಸರು ಬಿಡಿಸುವವರನ್ನು ಕರೆದುಕೊಂಡು ಹೋಗಿದ್ದೆ. ನಮ್ಮ ಕಡೆಯ ಎರೆ ಹಸಿಯಾದರೆ ಕಾಲಿಗೆ ಹತ್ತಿದ್ದು ಬಿಡುವುದಿಲ್ಲ, ಗಾಲಿಗೆ ಹತ್ತಿದ್ದೂ ಬಿಡುವುದಿಲ್ಲ. ಗಾಡಿಯನ್ನು ಹೊರಗಿನಿಂದ ತೊಳೆಸಿದ್ದೆ, ಥಳಥಳ ಅನ್ನುತ್ತಿತ್ತು. ಆದರೆ ಬಗ್ಗಿ ರಿಮ್ಮಿನ ಒಳಮೈಗೆ ಕೈ ಹಾಕಿದಾಗ ಒಣಗಿ ಕಲ್ಲಾದ ಮಣ್ಣು ಒಂದೇ ಕಡೆ ಹೆಪ್ಪುಗಟ್ಟಿ ಕೂತಿತ್ತು.

ಇಷ್ಟು ಮಣ್ಣು ಏನು ಮಾಡೀತು ಅನ್ನಿಸಬಹುದು. ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುವವನಾದ್ದರಿಂದ ನಾನು ಲೆಕ್ಕ ಹಾಕಿದೆ. 15 ಇಂಚಿನ ರಿಮ್ಮಿನ ಅಂಚಿಗೆ 30 ಗ್ರಾಂ ಮಣ್ಣು ಅಂಟಿದೆ ಎಂದುಕೊಳ್ಳಿ, ಪುಟ್ಟ ನಿಂಬೆಕಾಯಿಗಿಂತ ಚಿಕ್ಕ ಉಂಡೆ ಅದು. ಗಂಟೆಗೆ 90 ಕಿಲೋಮೀಟರಿನಲ್ಲಿ ಸಣ್ಣ ಕಾರಿನ ಗಾಲಿ ಸೆಕೆಂಡಿಗೆ ಸುಮಾರು 13 ಸುತ್ತು ತಿರುಗುತ್ತದೆ. ಆ ವೇಗದಲ್ಲಿ ಆ ಉಂಡೆ ಗಾಲಿಯನ್ನು ಹೊರಕ್ಕೆ ಜಗ್ಗುವ ಬಲ ಹತ್ತಿರ ಹತ್ತಿರ ನಾಲ್ಕು ಕಿಲೋ ತೂಕಕ್ಕೆ ಸಮ. ಸೆಕೆಂಡಿಗೆ 13 ಸಲ, ಒಮ್ಮೆ ಮೇಲೆ, ಒಮ್ಮೆ ಕೆಳಗೆ, ಒಮ್ಮೆ ಹಿಂದೆ, ಒಮ್ಮೆ ಮುಂದೆ. ವೇಗ ಅರ್ಧಕ್ಕಿಳಿದರೆ ಬಲ ಕಾಲುಭಾಗಕ್ಕೆ ಇಳಿಯುತ್ತದೆ, 45ರಲ್ಲಿ ಅದು ಒಂದೇ ಕಿಲೋ. ಊರೊಳಗೆ ತಿಳಿಯದ ನಡುಕ ಹೆದ್ದಾರಿಯಲ್ಲಿ ತಿಳಿಯುವುದು ಇದಕ್ಕೇ.

ನಾಲ್ಕೂ ಗಾಲಿಗಳ ಒಳಮೈಯನ್ನು ಕಟ್ಟಿಗೆಯ ಚಕ್ಕೆಯಿಂದ ಕೆರೆದು ತೊಳೆದೆ. ನಡುಕ ಕಡಿಮೆಯಾಯಿತು, ಹೋಗಲಿಲ್ಲ. ಮಣ್ಣು ಒಂದು ಕಾರಣವಾಗಿತ್ತು, ಆದರೆ ಅದರ ಕೆಳಗೆ ಇನ್ನೊಂದಿತ್ತು. ಒಂದು ನಡುಕಕ್ಕೆ ಎರಡು ಮೂಲಗಳಿರಬಹುದು ಎಂಬುದು ನನಗೆ ಸಿಕ್ಕ ಮೊದಲ ಪಾಠ. ಒಂದು ಸಿಕ್ಕಿತೆಂದು ಹುಡುಕುವುದನ್ನು ಬಿಡಬಾರದು.

ಗಾಡಿ ಕೊಂಡ ಶೋರೂಮಿಗೆ ಹೋದೆ. "ಹೊಸಾ ಗಾಡಿರಿ ಸರ, ಏನೂ ಆಗಿರೂದಿಲ್ಲ. ಅಲೈನ್‌ಮೆಂಟ್ ಮಾಡಿ ಕೊಡ್ತೀವಿ" ಅಂದರು. ಮಾಡಿದರು, ದುಡ್ಡು ತೆಗೆದುಕೊಂಡರು. ಒಬ್ಬ ಹುಡುಗ ಗಾಡಿಯನ್ನು ಊರ ರಸ್ತೆಯಲ್ಲೇ ಐವತ್ತರಲ್ಲಿ ಒಂದು ಸುತ್ತು ಹೊಡೆಸಿ ತಂದು "ಸರಿ ಐತ್ರಿ" ಅಂದ. ಆ ವೇಗದಲ್ಲಿ ಅದು ಸರಿಯಾಗಿಯೇ ಇತ್ತು. ಮರುದಿನ ಹೆದ್ದಾರಿಯಲ್ಲಿ ತೊಂಬತ್ತಕ್ಕೆ ನಡುಕ ಇದ್ದಲ್ಲೇ ಇತ್ತು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಅಲೈನ್‌ಮೆಂಟ್ ಬೇರೆ, ಬ್ಯಾಲೆನ್ಸಿಂಗ್ ಬೇರೆ. ಗಾಲಿಗಳು ಯಾವ ಕೋನದಲ್ಲಿ ಮುಖ ಮಾಡಿ ನಿಂತಿವೆ ಎಂಬುದನ್ನು ತಿದ್ದುವುದು ಅಲೈನ್‌ಮೆಂಟ್. ಅದು ತಪ್ಪಿದ್ದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ, ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆ. ಗಾಲಿಯ ಸುತ್ತ ತೂಕ ಸಮನಾಗಿ ಹಂಚಿಕೊಂಡಿದೆಯೇ ಎಂದು ನೋಡಿ, ಹಗುರ ಇದ್ದ ಕಡೆ ಕೆಲವು ಗ್ರಾಂ ತೂಕ ಹಚ್ಚುವುದು ಬ್ಯಾಲೆನ್ಸಿಂಗ್. ಒಂದು ವೇಗಕ್ಕೆ ಬಂದು ಇನ್ನೊಂದು ವೇಗಕ್ಕೆ ಹೋಗುವ ನಡುಕಕ್ಕೆ ಅಲೈನ್‌ಮೆಂಟ್ ಔಷಧಿಯೇ ಅಲ್ಲ.

ಬೇಜಾರಿನಲ್ಲಿ ಮನೆಗೆ ಬಂದ ಆ ಸಂಜೆ ನನಗೇ ಒಂದು ವಿಷಯ ಹೊಳೆಯಿತು. "ಗಾಡಿ ನಡುಗುತ್ತೆ" ಎಂದಷ್ಟೇ ನಾನು ಶೋರೂಮಿನಲ್ಲಿ ಹೇಳಿದ್ದೆ. ಮಕ್ಕಳು ಪ್ರಯೋಗದ ವಹಿಯಲ್ಲಿ ಹೀಗೆ ಒಂದೇ ಸಾಲು ಬರೆದು ತಂದರೆ ನಾನು ಒಪ್ಪುತ್ತಿರಲಿಲ್ಲ. ಯಾವಾಗ, ಎಲ್ಲಿ, ಏನು ಮಾಡಿದಾಗ ಎಂದು ಕೇಳುತ್ತಿದ್ದೆ. ಹಳೆಯ ಡೈರಿಯೊಂದರಲ್ಲಿ ನಾಲ್ಕು ಮನೆ ಗೆರೆ ಹಾಕಿದೆ: ವೇಗ ಎಷ್ಟು, ಕಾಲು ಯಾವುದರ ಮೇಲಿದೆ, ನಡುಕ ಎಲ್ಲಿ ತಿಳಿಯುತ್ತದೆ, ರಸ್ತೆ ಹೇಗಿದೆ. ಆ ಭಾನುವಾರ ನಾನು ಓಡಿಸಿದೆ, ಪಕ್ಕದಲ್ಲಿ ಕೂತು ನಮ್ಮ ಮನೆಯವರು ಬರೆದರು.

ಆ ಒಂದು ಪುಟ ಎಷ್ಟೋ ಸಂಶಯಗಳನ್ನು ಅಳಿಸಿತು. ಬ್ರೇಕ್ ಒತ್ತಿದಾಗ ಮಾತ್ರ ಸ್ಟೇರಿಂಗ್ ನಡುಗಿದರೆ ತಪ್ಪು ಮುಂದಿನ ಬ್ರೇಕ್ ಡಿಸ್ಕಿನದು, ಅದರ ದಪ್ಪ ಸುತ್ತಲೂ ಒಂದೇ ಸಮ ಇರುವುದಿಲ್ಲ. ನನ್ನ ಗಾಡಿ ಬ್ರೇಕಿಗೆ ಹೆಚ್ಚು ನಡುಗಲಿಲ್ಲ. ಆಕ್ಸಿಲರೇಟರ್ ಒತ್ತಿ ಎಳೆಯುವಾಗ ಮಾತ್ರ ಬಂದು ಕಾಲು ತೆಗೆದರೆ ಹೋಗುವ ನಡುಕ ಡ್ರೈವ್ ಶಾಫ್ಟಿನ ಒಳಗಿನ ಜಾಯಿಂಟಿನ ಕಡೆ ಬೊಟ್ಟು ಮಾಡುತ್ತದೆ. ನನ್ನದು ಕಾಲು ತೆಗೆದರೂ ಇತ್ತು. ಕ್ಲಚ್ ಒತ್ತಿ ಎಂಜಿನ್ನಿನ ಸದ್ದು ಇಳಿಸಿದೆ, ಆಗಲೂ ಇತ್ತು, ಹಾಗಾದರೆ ಎಂಜಿನ್ ಅಲ್ಲ. ತಗ್ಗು ದಿನ್ನೆ ಹಾಯುವಾಗ ಮಾತ್ರ ಕಟಕಟ ಎಂದು ಅಲುಗಿದರೆ ಸ್ಟೇರಿಂಗ್ ಕೊಂಡಿಗಳನ್ನೂ ಬಾಲ್ ಜಾಯಿಂಟನ್ನೂ ನೋಡಬೇಕು. ನನ್ನದು ನುಣುಪು ರಸ್ತೆಯಲ್ಲೇ ಸ್ಪಷ್ಟವಾಗಿ ತಿಳಿಯುತ್ತಿತ್ತು. ಬಹಳ ದಿನ ಒಂದೇ ಕಡೆ ನಿಂತ ಗಾಡಿಯ ಟೈರಿನ ಅಡಿ ಚಪ್ಪಟೆಯಾಗಿ, ಹೊರಟ ಹತ್ತು ಹದಿನೈದು ಕಿಲೋಮೀಟರ್ ನಡುಗಿ, ಟೈರು ಕಾದ ಮೇಲೆ ಸರಿಹೋಗುವುದುಂಟು. ನನ್ನದು ಬೆಳಗಾವಿ ಮುಟ್ಟಿದರೂ ಹೋಗಿರಲಿಲ್ಲ.

ಉಳಿದದ್ದು ಒಂದೇ: ತಿರುಗುವ ಗಾಲಿ. ಕೈಗೆ ತಿಳಿಯುತ್ತಿದ್ದುದರಿಂದ ಬಹುತೇಕ ಮುಂದಿನ ಗಾಲಿ. ಹಿಂದಿನದಾಗಿದ್ದರೆ ಸೀಟಿಗೂ ಕಾಲಡಿಗೂ ತಿಳಿಯಬೇಕಿತ್ತು.

ಆ ಪುಟದ ನಕಲನ್ನು ಹಿಡಿದು ಮತ್ತೆ ಶೋರೂಮಿಗೆ ಹೋದೆ. ಈ ಸಲ ಸರ್ವಿಸ್ ಅಡ್ವೈಸರ್ ಅವರನ್ನು ಗಾಡಿಯಲ್ಲಿ ಕೂಡಿಸಿಕೊಂಡು ಹೆದ್ದಾರಿಗೆ ಕರೆದೊಯ್ದೆ. ತೊಂಬತ್ತರಲ್ಲಿ ಅವರ ಕೈಗೇ ಸ್ಟೇರಿಂಗ್ ಕೊಟ್ಟರೆ ವಾದವೇ ಇರುವುದಿಲ್ಲ ಎಂದು ನಡುವೆ ಗಾಡಿ ನಿಲ್ಲಿಸಿ ಅವರಿಗೇ ಓಡಿಸಲು ಕೊಟ್ಟೆ. ಎರಡು ನಿಮಿಷಕ್ಕೆ "ಹೌದ್ರಿ ಸರ, ಐತ್ರಿ" ಅಂದರು. ಜಾಬ್ ಕಾರ್ಡಿನಲ್ಲಿ ದೂರನ್ನು ವೇಗದ ಸಮೇತ ಬರೆಸಿದೆ. ಬ್ಯಾಲೆನ್ಸಿಂಗ್ ಮಾಡಿದಾಗ ಮುಂದಿನ ಎಡಗಾಲಿಗೆ 25 ಗ್ರಾಂ, ಬಲಗಾಲಿಗೆ 15 ಗ್ರಾಂ ಹಚ್ಚಬೇಕಾಯಿತು. ಮಷಿನ್ ಸೊನ್ನೆ ತೋರಿಸಿತು. ನಡುಕ ಇನ್ನಷ್ಟು ಇಳಿಯಿತು, ಆದರೂ ಉಳಿಯಿತು.

ಇನ್ನು ಯಾವ ಗಾಲಿ ಎಂದು ನಾನೇ ಹುಡುಕಬೇಕಿತ್ತು. ಮುಂದಿನ ಎರಡು ಗಾಲಿಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿಸಿದೆ. ಸ್ಟೇರಿಂಗ್ ಶಾಂತವಾಯಿತು, ನಡುಕ ನನ್ನ ಸೀಟಿನ ಕೆಳಗೆ ಬಂತು! ಅಂದರೆ ಡಿಸ್ಕ್, ಹಬ್, ಶಾಫ್ಟ್ ಯಾವುದೂ ಅಲ್ಲ. ಗಾಲಿ ಹೋದ ಕಡೆ ನಡುಕವೂ ಹೋಗಿತ್ತು. ಆಮೇಲೆ ಸ್ಟೆಪ್ನಿಯನ್ನು ಆ ಎರಡರ ಜಾಗಕ್ಕೆ ಒಂದೊಂದಾಗಿ ಹಾಕಿ ನೋಡಿದೆ. ಮೊದಲು ಮುಂದೆ ಎಡಕ್ಕಿದ್ದ ಗಾಲಿಯನ್ನು ತೆಗೆದಾಗ ಗಾಡಿ ನೀರಿನ ಮೇಲಿನ ದೋಣಿಯಂತೆ ನಯವಾಗಿ ಓಡಿತು. ದುಡ್ಡಿಲ್ಲದೆ ಎರಡು ಸಂಜೆಯಲ್ಲಿ ಮುಗಿದ ಈ ಅದಲುಬದಲಿನ ಪರೀಕ್ಷೆಗಿಂತ ಖಚಿತವಾದದ್ದನ್ನು ನಾನು ಕಾಣೆ. ಸ್ಟೆಪ್ನಿ ಉಳಿದ ಗಾಲಿಗಳ ಅಳತೆಯದೇ ಆಗಿರಬೇಕು, ಸಣ್ಣ ಸ್ಟೆಪ್ನಿ ಕೊಟ್ಟ ಗಾಡಿಗಳಲ್ಲಿ ಈ ವೇಗದ ಪರೀಕ್ಷೆ ಮಾಡಬಾರದು.

ಆ ಗಾಲಿಯನ್ನು ಹಿಡಿದು ಹುಬ್ಬಳ್ಳಿಯ ಟೈರಿನ ಅಂಗಡಿಗೆ ಹೋದೆ. ಅಲ್ಲಿಯ ಕಾಕಾ ನಲವತ್ತು ವರ್ಷದಿಂದ ಟೈರು ಮುಟ್ಟಿದವರು. ನಾನು ಶೋರೂಮಿನ ಮಷಿನ್ ಸೊನ್ನೆ ತೋರಿಸಿದ್ದನ್ನು ಹೇಳಿದಾಗ ಅವರು ಅಂದ ಮಾತು ನನಗೆ ಪಾಠದ ಹಲಗೆಯ ಮೇಲೆ ಬರೆದಂತೆ ಉಳಿದಿದೆ: "ಮಾಸ್ತರ್ರ, ಮಷಿನ್ ತೂಕಾ ಅಷ್ಟ ನೋಡ್ತೈತ್ರಿ. ಗುಂಡಗೈತೋ ಇಲ್ಲೋ ಅದು ನೋಡಂಗಿಲ್ರಿ."

ಗಾಲಿಯನ್ನು ಮಷಿನಿಗೆ ಏರಿಸಿ, ಟೈರಿಗೆ ತಾಕೀತೋ ತಾಕದೋ ಎಂಬಷ್ಟು ಹತ್ತಿರ ಒಂದು ಕಬ್ಬಿಣದ ಕಡ್ಡಿ ನಿಲ್ಲಿಸಿ, ಕೈಯಿಂದ ನಿಧಾನ ತಿರುಗಿಸಿದರು. ಒಂದು ಕಡೆ ಕಡ್ಡಿಗೂ ಟೈರಿಗೂ ನಡುವೆ ಸಂದು ಕಾಣುತ್ತಿತ್ತು, ಇನ್ನೊಂದು ಕಡೆ ಟೈರು ಉಬ್ಬಿ ಬಂದು ಕಡ್ಡಿಯನ್ನು ಸವರುತ್ತಿತ್ತು. ನನಗೆ ನಮ್ಮೂರಿನ ಬಡಿಗೇರ ಅಜ್ಜ ನೆನಪಾದರು. ಚಕ್ಕಡಿಯ ಗಾಲಿ ಕಟ್ಟಿದ ಮೇಲೆ ಅವರೂ ಹೀಗೆಯೇ ಪಕ್ಕದಲ್ಲಿ ಕಡ್ಡಿ ಹಿಡಿದು ಗಾಲಿ ತಿರುಗಿಸಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಎತ್ತಿನ ನಡಿಗೆಯ ವೇಗಕ್ಕೂ ಅವರು ಆ ಪರೀಕ್ಷೆ ಬಿಟ್ಟಿರಲಿಲ್ಲ.

ಕಾಕಾ ಅಳೆದಾಗ ಉಬ್ಬು ಎರಡು ಮಿಲಿಮೀಟರಿಗಿಂತ ಹೆಚ್ಚಿತ್ತು. ತೂಕ ಎಷ್ಟು ಸಮ ಮಾಡಿದರೂ ಆ ಉಬ್ಬು ನೆಲಕ್ಕೆ ಬಂದಾಗಲೆಲ್ಲ ಗಾಲಿಯನ್ನು ಮೇಲಕ್ಕೆ ಎತ್ತುತ್ತದೆ, ಅದೇ ಸೆಕೆಂಡಿಗೆ 13 ಸಲ. ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಟೈರು ಬಿಚ್ಚಿ ಬರಿಯ ರಿಮ್ಮನ್ನು ತಿರುಗಿಸಿದರು, ತಗ್ಗಿಗೆ ಬಿದ್ದು ರಿಮ್ಮಿನ ಒಳ ಅಂಚು ಬಾಗಿದ್ದರೆ ಹೊರಗಿನಿಂದ ಕಾಣುವುದಿಲ್ಲ. ರಿಮ್ಮು ನೆಟ್ಟಗಿತ್ತು. ತಪ್ಪು ಟೈರಿನದೇ ಎಂಬುದು ಆಗ ಖಚಿತವಾಯಿತು. ಎತ್ತಿ ತಿರುಗಿಸಿದಾಗ ಗುಂಡಗೇ ಇದ್ದು, ಗಾಡಿಯ ಭಾರ ಬಿದ್ದಾಗ ಮಾತ್ರ ಒಂದು ಕಡೆ ಬಿರುಸಾಗಿರುವ ಟೈರುಗಳೂ ಇರುತ್ತವಂತೆ. ಅದನ್ನು ಹಿಡಿಯಲು ಟೈರಿನ ಮೇಲೆ ಉರುಳೆ ಒತ್ತಿ ಅಳೆಯುವ ಮಷಿನ್ ಬೇಕು, ಅದು ಎಲ್ಲ ಅಂಗಡಿಗಳಲ್ಲಿ ಇರುವುದಿಲ್ಲ.

ಗಾಡಿಯ ವಾರಂಟಿ ಕೇಳಿದರೆ ಶೋರೂಮಿನವರು ಟೈರು ಕಂಪನಿಯ ಕಡೆ ಕೈ ತೋರಿಸಿದರು. ಅದು ನಿಜವೇ. ಟೈರಿಗೂ ಬ್ಯಾಟರಿಗೂ ಸಾಮಾನ್ಯವಾಗಿ ಅವುಗಳನ್ನು ತಯಾರಿಸಿದವರೇ ವಾರಂಟಿ ಕೊಡುತ್ತಾರೆ, ಆ ಕಾಗದ ಗಾಡಿಯ ಪುಸ್ತಕಗಳ ಜೊತೆಗೇ ಬಂದಿರುತ್ತದೆ. ನಾವು ತೆರೆದು ನೋಡಿರುವುದಿಲ್ಲ. ಟೈರು ಕಂಪನಿಯ ಪರೀಕ್ಷಕರು ಬಂದು ಉಬ್ಬು ನೋಡಿದರು, ಟೈರಿನ ನಂಬರ್ ಬರೆದುಕೊಂಡರು, ಹೊಡೆತ ಬಿದ್ದ ಗುರುತು ಇಲ್ಲ ಎಂದು ಖಾತ್ರಿ ಮಾಡಿಕೊಂಡರು, ಉಳಿದ ಗೆರೆಯ ಆಳ ಅಳೆದರು. ಸವೆದಷ್ಟು ಪಾಲನ್ನು ಮಾತ್ರ ನನ್ನಿಂದ ತೆಗೆದುಕೊಂಡು ಹೊಸ ಟೈರು ಕೊಟ್ಟರು. ಅವರು ಕೇಳಿದ್ದು ಗಾಡಿಯ ಬಿಲ್ಲು, ಮತ್ತು ದೂರು ಯಾವಾಗಿನದು ಎಂಬುದಕ್ಕೆ ಆಧಾರ. ಜಾಬ್ ಕಾರ್ಡಿನ ಆ ಒಂದು ಸಾಲು ಅಲ್ಲಿ ಕೆಲಸಕ್ಕೆ ಬಂತು.

ಹೊಸ ಟೈರು ಕೂಡಿಸುವಾಗ ಕಾಕಾ ಹಬ್ಬಿನ ಮುಖವನ್ನು ಬಟ್ಟೆಯಿಂದ ಒರೆಸಿದರು. ಅಲ್ಲಿ ತುಸು ಮಣ್ಣು ಸಿಕ್ಕಿಬಿದ್ದರೂ ಗಾಲಿ ಓರೆಯಾಗಿ ಕೂರುತ್ತದೆ. ನಟ್ಟುಗಳನ್ನು ಸಾಲಾಗಿ ಬಿಗಿಯದೆ ಎದುರುಬದುರು ಬಿಗಿದರು. ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿಸಿಕೊಳ್ಳಲು ಹೇಳಿದರು. ಅದೇ ಕಿತ್ತೂರಿನ ರಸ್ತೆಯಲ್ಲಿ ಅದೇ ತೊಂಬತ್ತರಲ್ಲಿ ಸ್ಟೇರಿಂಗ್ ಮೇಲೆ ಎರಡು ಬೆರಳಿಟ್ಟೆ. ನಡುಕ ಇರಲಿಲ್ಲ.

ಈ ಐದು ವಾರ ನೆನೆದಾಗ ನನಗೆ ಹೆಚ್ಚು ಕಾಡುವುದು ಆ ಟೈರು ಮೊದಲ ದಿನದಿಂದಲೇ ಹಾಗಿತ್ತು ಎಂಬುದು. ಮೂರು ತಿಂಗಳು ಅವ್ವನನ್ನೂ ಮಕ್ಕಳನ್ನೂ ಅದರ ಮೇಲೆಯೇ ಓಡಿಸಿದ್ದೆ. ಹೊಸದು ಎಂಬ ನಂಬಿಕೆ ಶೋರೂಮಿನವರ ಕಣ್ಣನ್ನೂ ಕಟ್ಟಿತ್ತು, ನನ್ನದನ್ನೂ ಕಟ್ಟಿತ್ತು. ನನ್ನದು ಒಂದೇ ಸಮನಾದ ನಡುಕವಾಗಿತ್ತು, ಹುಡುಕಲು ಸಮಯ ಕೊಟ್ಟಿತು. ಆದರೆ ನಡುಕ ಹಠಾತ್ತಾಗಿ ಶುರುವಾಗಿ ಕಿಲೋಮೀಟರಿಗೆ ಕಿಲೋಮೀಟರ್ ಹೆಚ್ಚುತ್ತ ಹೋದರೆ ಪರೀಕ್ಷೆ ಮಾಡುತ್ತ ಕೂರಬಾರದು. ನಟ್ಟು ಸಡಿಲವಾಗಿರಬಹುದು, ಟೈರಿನ ಒಳಪದರ ಬಿಡುತ್ತಿರಬಹುದು. ಗಾಡಿಯನ್ನು ನಿಧಾನ ಬದಿಗೆ ತಂದು ನಿಲ್ಲಿಸಿಬಿಡಬೇಕು.

ಕಳೆದ ತಿಂಗಳು ನಮ್ಮ ಶಾಲೆಯ ಗಣಿತದ ಮೇಡಂ ಹೊಸ ಕಾರು ತಂದರು. ಪೂಜೆಯಾದ ಮೊದಲ ಭಾನುವಾರವೇ ಅವರನ್ನು ಹೆದ್ದಾರಿಗೆ ಹೊರಡಿಸಿದೆ. ಮೊದಲು ಬಾಗಿಲ ಕಂಬದ ಚೀಟಿ ನೋಡಿ, ಗಾಲಿ ತಣ್ಣಗಿರುವಾಗಲೇ ಹವಾ ಸರಿ ಮಾಡಿಸಿದೆವು. ಅರವತ್ತು, ಎಪ್ಪತ್ತು, ಎಂಬತ್ತು, ತೊಂಬತ್ತು, ಪ್ರತಿಯೊಂದರಲ್ಲೂ ಒಂದೊಂದು ನಿಮಿಷ. ಆಮೇಲೆ ಹಿಂದೆ ಯಾರೂ ಇಲ್ಲದಾಗ ಮೆಲ್ಲಗೆ ಬ್ರೇಕ್. ಎಲ್ಲ ಸರಿಯಾಗಿತ್ತು. ಆದರೂ ಅವರ ಸರ್ವಿಸ್ ಪುಸ್ತಕದ ಕೊನೆಯ ಪುಟದಲ್ಲಿ ತಾರೀಖು, 212 ಕಿಲೋಮೀಟರ್, ಮುಂದೆ "90ರಲ್ಲಿ ನಡುಕ ಇಲ್ಲ" ಎಂದು ಬರೆಸಿದೆ. ನಾಳೆ ಅವರ ಸ್ಟೇರಿಂಗ್ ನಡುಗಿದರೆ ಅದು ಎಂದಿನಿಂದ ಎಂಬುದನ್ನು ಆ ಸಾಲು ಹೇಳುತ್ತದೆ. ನನ್ನ ಗಾಡಿಗೆ ಅಂಥ ಒಂದು ಸಾಲು ಇರಲಿಲ್ಲ.