ಸೈರನ್ ಕೇಳದವರಿಗೂ ಎಚ್ಚರಿಕೆ ತಲುಪಬೇಕು: ಮನೆಯಲ್ಲಿ, ಸೊಸೈಟಿಯಲ್ಲಿ ಏನು ಮಾಡಬಹುದು?

2024ರ ಮೇ 23ರಂದು ಡೊಂಬಿವಲಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಅಮುದನ್ ಕೆಮಿಕಲ್ಸ್‌ನಲ್ಲಿ ಸ್ಫೋಟವಾದಾಗ ಸುತ್ತಲಿನ ಕಟ್ಟಡಗಳ ಕಿಟಕಿ ಗಾಜು ಪುಡಿಯಾಯಿತು. 2019ರ ಜುಲೈನಲ್ಲಿ ಉಲ್ಹಾಸ್ ನದಿ ಉಕ್ಕಿ, ವಾಂಗಣಿ ಬಳಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೀರಿನ ನಡುವೆ ನಿಂತುಬಿಟ್ಟಿತು. ಠಾಣೆ, ರಾಯಗಡ ಜಿಲ್ಲೆಗಳ ನಮ್ಮ ಭಾಗಕ್ಕೆ ಅಪಾಯ ಹೊಸದಲ್ಲ. ಆದರೆ ಕಿವಿ ಕೇಳಿಸದವರು, ಕಣ್ಣು ಕಾಣದವರು, ಗಾಲಿಕುರ್ಚಿಯಲ್ಲಿ ಓಡಾಡುವವರು ಸಕಾಲದಲ್ಲಿ ಎಚ್ಚೆತ್ತುಕೊಳ್ಳಬೇಕಾದರೆ ಜೂನ್‌ನ ಮಳೆಗಾಲಕ್ಕೆ ಮೊದಲೇ ಕೆಲವು ಕೆಲಸ ಮುಗಿಸಿಡಬೇಕು.

ಮೊದಲು ಫೋನ್ ನೋಡಿ. ‘ಸೆಲ್ ಬ್ರಾಡ್‌ಕಾಸ್ಟ್’ ಎಚ್ಚರಿಕೆ ಆಯಾ ಟವರ್ ವ್ಯಾಪ್ತಿಯ ಫೋನ್‌ಗಳಿಗೆಲ್ಲ ಒಟ್ಟಿಗೆ ಬರುತ್ತದೆ, ನಂಬರ್ ನೋಂದಾಯಿಸಬೇಕಿಲ್ಲ. 2023ರ ಪರೀಕ್ಷೆಯಲ್ಲಿ ಫೋನ್‌ಗಳು ಏಕಾಏಕಿ ಕೂಗಿಕೊಂಡದ್ದು ಹಲವರಿಗೆ ನೆನಪಿರಬಹುದು. ಸೆಟ್ಟಿಂಗ್ಸ್‌ನಲ್ಲಿ ‘ಎಮರ್ಜೆನ್ಸಿ ಅಲರ್ಟ್ಸ್’ ಎಂದು ಹುಡುಕಿ, ಆನ್ ಇದೆಯೇ ನೋಡಿ. ವೈಬ್ರೇಷನ್ ಆಯ್ಕೆ ಇದ್ದರೆ ಅದನ್ನೂ ಆನ್ ಮಾಡಿ. ಹಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಸಂದೇಶವನ್ನು ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯವಿದೆ. ದೃಷ್ಟಿ ಇಲ್ಲದವರಿಗೆ ಅದು ಬೇಕೇ ಬೇಕು. ಕಿವಿ ಕೇಳಿಸದವರು ‘ಆಕ್ಸೆಸಿಬಿಲಿಟಿ’ಗೆ ಹೋಗಿ, ಸೂಚನೆ ಬಂದಾಗ ಫ್ಲ್ಯಾಶ್ ಮಿನುಗುವಂತೆ ಮಾಡಿಕೊಳ್ಳಲಿ. ರಾತ್ರಿ ಫೋನ್ ದೂರದ ಟೇಬಲ್ ಮೇಲಿದ್ದರೆ ಇದಾವುದೂ ಉಪಯೋಗಕ್ಕಿಲ್ಲ, ಕೈಗೆಟಕುವಂತಿರಲಿ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ (ಎನ್‌ಡಿಎಂಎ) ‘ಸಚೇತ್’ ಆ್ಯಪ್ ಕೂಡ ಹಾಕಿಕೊಳ್ಳಿ. ಅದು ನೀವಿರುವ ಜಾಗಕ್ಕೆ ತಕ್ಕ ಎಚ್ಚರಿಕೆ ಕೊಡುತ್ತದೆ.

ಇನ್ನು ಸೊಸೈಟಿಯ ವಾಟ್ಸ್ಆ್ಯಪ್ ಗ್ರೂಪ್. ಹವಾಮಾನ ಇಲಾಖೆಯ ಕೆಂಪು ನಕಾಶೆಯನ್ನು ಎಲ್ಲರೂ ಫಾರ್ವರ್ಡ್ ಮಾಡುತ್ತೇವೆ. ಕಾಣದವರ ಫೋನ್ ಅದನ್ನು ‘ಫೋಟೋ’ ಎಂದಷ್ಟೇ ಓದಿ ಸುಮ್ಮನಾಗುತ್ತದೆ. ಆದ್ದರಿಂದ ಚಿತ್ರದ ಕೆಳಗೆ ಒಂದು ಸಾಲು ಟೈಪ್ ಮಾಡಿ: ‘ಇಂದು ಠಾಣೆ ಜಿಲ್ಲೆಗೆ ರೆಡ್ ಅಲರ್ಟ್. ಭಾರೀ ಮಳೆ. ಮನೆಯಲ್ಲೇ ಇರಿ.’ ವಾಯ್ಸ್ ಮೆಸೇಜ್ ಮಾತ್ರ ಕಳಿಸಿದರೆ ಕೇಳಿಸದವರು ಹೊರಗುಳಿಯುತ್ತಾರೆ. ಊರಿಂದ ಬಂದ ಅಮ್ಮನಿಗೆ ಮರಾಠಿ ಓದಲು ಬಾರದಿದ್ದರೆ ಅದನ್ನೇ ಕನ್ನಡದಲ್ಲೂ ಬರೆಯಿರಿ. ಬುದ್ಧಿ ಬೆಳವಣಿಗೆ ನಿಧಾನವಾಗಿರುವ ಮಕ್ಕಳಿಗೆ ಒಂದು ಚಿತ್ರ, ಒಂದೇ ಕೆಲಸ. ಮಳೆಯಾದರೆ ಮೇಲಿನ ಮಹಡಿ. ರಾಸಾಯನಿಕ ಹೊಗೆಯಾದರೆ ಕಿಟಕಿ ಮುಚ್ಚಿ ಒಳಗೇ ಇರುವುದು. ಇವೆರಡನ್ನು ಬೇರೆ ಬೇರೆ ದಿನ ಅಭ್ಯಾಸ ಮಾಡಿಸಿ.

ಗಾಲಿಕುರ್ಚಿಯವರು ರೆಡ್ ಅಲರ್ಟ್‌ಗೆ ಕಾಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕರೆಂಟ್ ಹೋದರೆ ಲಿಫ್ಟ್ ನಿಲ್ಲುತ್ತದೆ. ನೆಲಮಹಡಿಯಲ್ಲಿರುವವರು ಅದಕ್ಕಿಂತ ಒಂದು ಹಂತ ಕೆಳಗಿನ ಆರೆಂಜ್ ಅಲರ್ಟ್ ಇದ್ದಾಗಲೇ ಮೇಲೆ ಹೋಗಲಿ.

ಯಾವ ಆ್ಯಪ್ ಇದ್ದರೂ ಬಾಗಿಲು ತಟ್ಟುವ ಒಬ್ಬರು ಬೇಕು. ಸಹಾಯ ಬೇಕಾದ ಪ್ರತಿಯೊಬ್ಬರಿಗೂ ಇಬ್ಬರು ನೆರೆಯವರನ್ನು ಹೆಸರು ಹಿಡಿದು ನೇಮಿಸಿ, ಏಕೆಂದರೆ ಒಬ್ಬರು ಆಫೀಸಿಗೆ ಹೋಗಿ ಲೋಕಲ್ ರೈಲಿನಲ್ಲಿ ಸಿಕ್ಕಿಹಾಕಿಕೊಂಡಿರಬಹುದು. ಮನೆ ನಂಬರ್, ಬೇಕಾದ ಸಹಾಯ, ಕರೆಯುವ ಬಗೆ ಇವೆಲ್ಲ ವಾಚ್‌ಮನ್ ಬಳಿ ಬರೆದಿರಲಿ; ಸಹಾಯ ಬೇಕಾದವರ ಒಪ್ಪಿಗೆ ಪಡೆದೇ ಬರೆಯಿರಿ.

ಕೊನೆಯದಾಗಿ ಕಲೆಕ್ಟರ್ ಕಚೇರಿಗೆ ಒಂದು ಅರ್ಜಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 8ನೇ ಕಲಮಿನ ಪ್ರಕಾರ ಕಲೆಕ್ಟರ್ ನೇತೃತ್ವದ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಜಿಲ್ಲೆಯ ಅಂಗವಿಕಲರ ವಿವರ ಇಟ್ಟುಕೊಂಡು, ಅಪಾಯದ ಸೂಚನೆ ಅವರಿಗೆ ತಲುಪಿಸಬೇಕು. ಇದು ಹಕ್ಕು, ಕೇಳಿ ಪಡೆಯಿರಿ. ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ) ಕಾರ್ಡ್‌ನ ಪ್ರತಿ ಲಗತ್ತಿಸಿ, ಎಸ್‌ಎಂಎಸ್ ಬೇಕೋ ಕರೆ ಬೇಕೋ ಸ್ಪಷ್ಟವಾಗಿ ಬರೆಯಿರಿ. ಕಲ್ಯಾಣ್, ಡೊಂಬಿವಲಿ, ವಾಶಿ, ನೆರೂಳ್‌ನವರು ಠಾಣೆಯ ಕಲೆಕ್ಟರ್ ಕಚೇರಿಗೆ, ಖಾರ್‌ಘರ್, ಪನ್ವೇಲ್‌ನವರು ರಾಯಗಡ ಜಿಲ್ಲೆಯ ಅಲಿಬಾಗ್‌ಗೆ ಅರ್ಜಿ ಕೊಡಬೇಕು. ಸ್ವೀಕೃತಿ ಮುದ್ರೆ ಹಾಕಿಸಿಕೊಂಡೇ ಬನ್ನಿ.