ಬೇಡದ ಇ-ಮೇಲ್: ನಮ್ಮ ಕೈಯಲ್ಲಿ ಏನಿದೆ?



ಸ್ವಸಹಾಯ ಸಂಘಗಳ ಒಕ್ಕೂಟವಿರಲಿ, ಹಾಲಿನ ಡೇರಿ ಇರಲಿ, ಶಾಲೆಯ ಆಫೀಸಿರಲಿ, ಈಗ ಇ-ಮೇಲ್ ಇಲ್ಲದೆ ಕೆಲಸ ಸಾಗುವುದಿಲ್ಲ. ಬ್ಯಾಂಕಿನ ಪತ್ರ, ತರಬೇತಿಯ ಆಹ್ವಾನ, ಆಡಿಟರ್ ಕೇಳುವ ಲೆಕ್ಕ ಎಲ್ಲವೂ ಅದರಲ್ಲೇ ಬರುತ್ತವೆ. ಆದರೆ ತೆರೆದ ಕೂಡಲೇ ಕಾಣುವುದೇನು? ನಿಮಗೆ ಲಾಟರಿ ಹೊಡೆದಿದೆ, ಅರ್ಧ ಬೆಲೆಗೆ ಔಷಧಿ, ಐದು ನಿಮಿಷದಲ್ಲಿ ಸಾಲ, ನಿಮ್ಮ ಖಾತೆ ಇವತ್ತೇ ಬಂದ್ ಆಗುತ್ತೆ! ನಾವು ಕೇಳದೇ ಇದ್ದರೂ ಒಂದೇ ಸಲಕ್ಕೆ ಲಕ್ಷಾಂತರ ಜನರಿಗೆ ಎರಚುವ ಇಂಥ ಪತ್ರಗಳಿಗೆ ಸ್ಪ್ಯಾಮ್ ಎಂದು ಹೆಸರು.

"ಬಂದ್ರೆ ಬರ್ಲಿ ಬಿಡಿ, ಅಳಿಸಿದ್ರೆ ಆಯ್ತಲ್ಲ" ಅಂತ ಹೇಳುವವರೇ ಹೆಚ್ಚು. ಅಷ್ಟೇ ಆಗಿದ್ದರೆ ಈ ಪಾಠ ಬೇಕಿರಲಿಲ್ಲ. ಕಸದ ನಡುವೆ ಸಾಲದ ಕಾಗದ ಕಣ್ಣು ತಪ್ಪಿ ಹೋದರೆ ನಷ್ಟ ಹದಿನೈದು ಇಪ್ಪತ್ತು ಕುಟುಂಬಗಳಿಗೆ. ಸಂಘದ ಒಬ್ಬ ಸದಸ್ಯೆ "ಖಾತೆ ಬಂದ್" ಎಂಬ ಮಾತಿಗೆ ಹೆದರಿ ಪಾಸ್‌ವರ್ಡ್ ಕೊಟ್ಟರೆ ಹೋಗುವುದು ಎಲ್ಲರ ಉಳಿತಾಯ. ಹೊಲದಲ್ಲಿ ಕಾಂಗ್ರೆಸ್ ಗಿಡ ಬೆಳೆದಾಗ ನಾವು ಏನು ಹೇಳುತ್ತೇವೆ? ಹೂ ಬಿಡುವ ಮುಂಚೆ ಕೀಳಿ, ಇಲ್ಲವಾದರೆ ಬೀಜ ಪಕ್ಕದವರ ಹೊಲಕ್ಕೂ ಹೋಗುತ್ತೆ ಅಂತ. ಸ್ಪ್ಯಾಮ್ ಕೂಡ ಹಾಗೇ.

ಇದು ನಿಲ್ಲುವುದಿಲ್ಲ ಯಾಕೆ?

ಇದರ ಇತಿಹಾಸ ನಾವು ತಿಳಿದಷ್ಟು ಹೊಸದಲ್ಲ. 1978ರ ಮೇ 3ರಂದು ಅಮೆರಿಕದ ಡಿಜಿಟಲ್ ಎಕ್ವಿಪ್‌ಮೆಂಟ್ ಎಂಬ ಕಂಪ್ಯೂಟರ್ ಕಂಪನಿಯ ಗ್ಯಾರಿ ಥುರ್ಕ್ ಎಂಬವರು, ಇಂಟರ್ನೆಟ್‌ಗಿಂತ ಮುಂಚಿನ ಅರ್ಪಾನೆಟ್ ಜಾಲದಲ್ಲಿ ಸುಮಾರು 400 ಜನರಿಗೆ ಒಂದೇ ಜಾಹೀರಾತು ಪತ್ರ ಕಳಿಸಿದರು. ಜನ ಸಿಟ್ಟಾದರು, ದೂರು ಕೊಟ್ಟರು. ಆದರೆ ಅದರಿಂದ ವ್ಯಾಪಾರ ಚೆನ್ನಾಗಿಯೇ ಆಯಿತು ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ರೋಗದ ಬೇರು ಇಲ್ಲೇ ಇದೆ ನೋಡಿ.

ಅಂಚೆ ಕಾರ್ಡಾದರೆ ಒಂದೊಂದಕ್ಕೂ ದುಡ್ಡು ಕೊಡಬೇಕು. ಇ-ಮೇಲ್‌ನಲ್ಲಿ ಸಾವಿರ ಕಳಿಸಿದರೂ ಕೋಟಿ ಕಳಿಸಿದರೂ ಕಳಿಸುವವನ ಖರ್ಚು ಬಹಳ ಏನೂ ಏರುವುದಿಲ್ಲ. 2008ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಸ್ಪ್ಯಾಮ್ ಕಳಿಸುವ ಒಂದು ಜಾಲದೊಳಗೆ ನುಸುಳಿ ಲೆಕ್ಕ ಹಾಕಿದರು. 26 ದಿನಗಳಲ್ಲಿ ಔಷಧಿ ಮಾರಾಟದ ಸುಮಾರು 35 ಕೋಟಿ ಪತ್ರಗಳು ಹೊರಟವು. ಕೊಳ್ಳಲು ಮುಂದಾದವರು ಎಷ್ಟು ಜನ ಗೊತ್ತೇ? 28! ಅಂದರೆ ಒಬ್ಬ ಗಿರಾಕಿಗಾಗಿ ಒಂದೂಕಾಲು ಕೋಟಿ ಪತ್ರ. ಸಂತೆಯಲ್ಲಿ ಹೀಗೆ ವ್ಯಾಪಾರ ಮಾಡಿದವನು ಸಂಜೆಯೊಳಗೆ ಅಂಗಡಿ ಮುಚ್ಚಬೇಕಾಗುತ್ತಿತ್ತು. ಆದರೆ ಇಲ್ಲಿ ಆ ಬೆರಳೆಣಿಕೆಯ ಗಿರಾಕಿಗಳೇ ಸಾಕು, ದಂಧೆ ನಡೆಯುತ್ತೆ.

ಇನ್ನೊಂದು ವಿಷಯ. ಆ ಪತ್ರಗಳು ಹೊರಟದ್ದು ಯಾವುದೋ ದೊಡ್ಡ ಕಾರ್ಖಾನೆಯಿಂದ ಅಲ್ಲ, ವೈರಸ್ ಹೊಕ್ಕ ಸಾಮಾನ್ಯ ಜನರ ಕಂಪ್ಯೂಟರುಗಳಿಂದ. ಅದರ ಯಜಮಾನನಿಗೆ ಸುದ್ದಿಯೇ ಇರುವುದಿಲ್ಲ. ಹಾಗಾಗಿ ಬಳಸುವ ನಮ್ಮನ್ನು ಬಿಟ್ಟು ಈ ಪಿಡುಗು ನಡೆಯಲಾರದು. ಉತ್ತರ ಕೊಡುವವರು ನಾವು, ವಿಳಾಸ ಹಂಚುವವರು ನಾವು, ಕೆಲವು ಸಲ ಗೊತ್ತಿಲ್ಲದೆ ಕಳಿಸುವವರೂ ನಾವೇ.

ಉತ್ತರ ಬೇಡ, ಬೈಗುಳವೂ ಬೇಡ

ಕೆಲವರು ಸಿಟ್ಟಿನಿಂದ "ಇನ್ನೊಮ್ಮೆ ಕಳಿಸಿದರೆ ಪೊಲೀಸಿಗೆ ಹೇಳುತ್ತೇನೆ" ಅಂತ ಬರೆಯುತ್ತಾರೆ. ಕಳಿಸಿದವನಿಗೆ ಅದರಿಂದ ಸಂತೋಷವೇ: ಈ ವಿಳಾಸದಲ್ಲಿ ಒಬ್ಬರು ಇದ್ದಾರೆ, ಪತ್ರ ಓದುತ್ತಾರೆ ಅಂತ ಖಾತ್ರಿಯಾಯಿತಲ್ಲ! ಅಲ್ಲದೆ ಅಲ್ಲಿ ಕಾಣುವ ಕಳುಹಿಸಿದವರ ಹೆಸರು ಹೆಚ್ಚಾಗಿ ಸುಳ್ಳು. ನಿಮ್ಮ ಬೈಗುಳ ಹೋಗಿ ಸೇರುವುದು ಏನೂ ಅರಿಯದ ಇನ್ಯಾರಿಗೋ.

ಪತ್ರದ ಕೊನೆಯಲ್ಲಿ 'ಅನ್‌ಸಬ್‌ಸ್ಕ್ರೈಬ್' ಎಂದು ಇರುತ್ತದಲ್ಲ, ಅದನ್ನು ಒತ್ತಬಹುದೇ ಎಂದು ತರಬೇತಿಗಳಲ್ಲಿ ಕೇಳುತ್ತಾರೆ. ನೀವೇ ವಿಳಾಸ ಕೊಟ್ಟ ಅಂಗಡಿ, ಪತ್ರಿಕೆ, ವಿಮಾ ಕಂಪನಿಯಾದರೆ ಧಾರಾಳವಾಗಿ ಒತ್ತಿ, ಬರುವುದು ನಿಲ್ಲುತ್ತೆ. ಹೆಸರೇ ಕೇಳದ ಕಡೆಯಿಂದ ಬಂದದ್ದಾದರೆ ಅದರೊಳಗಿನ ಯಾವುದನ್ನೂ ಮುಟ್ಟಬೇಡಿ. ಚಿತ್ರವನ್ನೂ ತೆರೆಯಬೇಡಿ, ಜೊತೆಗೆ ಬಂದ ಫೈಲನ್ನೂ ತೆರೆಯಬೇಡಿ.

ಅಳಿಸುವುದಕ್ಕೂ ದೂರುವುದಕ್ಕೂ ವ್ಯತ್ಯಾಸವಿದೆ

ಸುಮ್ಮನೆ ಅಳಿಸಿದರೆ ನಿಮ್ಮ ಪೆಟ್ಟಿಗೆ ಮಾತ್ರ ಸ್ವಚ್ಛ. ಜಿಮೇಲ್‌ನಲ್ಲಿ ಎಂಟು ಮೂಲೆಯ ಗುರುತಿನೊಳಗೆ ಆಶ್ಚರ್ಯಸೂಚಕ ಚಿಹ್ನೆ ಇರುವ ಒಂದು ಗುಂಡಿ ಇದೆ, 'ರಿಪೋರ್ಟ್ ಸ್ಪ್ಯಾಮ್'. ಅದನ್ನು ಒತ್ತಿದರೆ ಅಂಥ ಪತ್ರ ಬೇರೆಯವರ ಪೆಟ್ಟಿಗೆಗೂ ಹೋಗದಂತೆ ತಡೆಯಲು ಸಹಾಯವಾಗುತ್ತದೆ. 2024ರ ಫೆಬ್ರವರಿಯಿಂದ ಗೂಗಲ್ ಒಂದು ಕಟ್ಟುನಿಟ್ಟು ಮಾಡಿದೆ: ದಿನಕ್ಕೆ 5000ಕ್ಕೂ ಹೆಚ್ಚು ಪತ್ರಗಳನ್ನು ಜಿಮೇಲ್ ವಿಳಾಸಗಳಿಗೆ ಕಳಿಸುವವರ ಮೇಲಿನ ದೂರು ಶೇಕಡಾ 0.3ನ್ನು ಮುಟ್ಟಬಾರದು. ಸಾವಿರಕ್ಕೆ ಬರೀ ಮೂರು! ಸಾವಿರದಲ್ಲಿ ಮೂರು ಜನ ಬೆರಳು ಒತ್ತಿದರೆ ದೊಡ್ಡ ದೊಡ್ಡ ಕಂಪನಿಗಳ ಪತ್ರವೂ ಜನರನ್ನು ತಲುಪುವುದು ಕಷ್ಟ. ಓಟು ಹಾಕಿದ ಹಾಗೇ ಇದು.

ಓಟನ್ನು ಕೆಟ್ಟದಾಗಿಯೂ ಹಾಕಬಹುದು, ಅದು ನೆನಪಿರಲಿ. ಓದಲು ಬೇಸರವಾಯಿತು ಅಂತ ಒಕ್ಕೂಟದ ಸುತ್ತೋಲೆಯನ್ನು ಸ್ಪ್ಯಾಮ್ ಎಂದು ಒತ್ತುವವರಿದ್ದಾರೆ. ನಾಲ್ಕಾರು ಜನ ಹಾಗೆ ಮಾಡಿದರೆ ಮುಂದಿನ ಸುತ್ತೋಲೆ ಉಳಿದವರಿಗೂ ಕಸದ ಬುಟ್ಟಿಯಲ್ಲೇ ಬಂದು ಬೀಳಬಹುದು. ಆದ್ದರಿಂದ ವಾರಕ್ಕೊಮ್ಮೆ ಸ್ಪ್ಯಾಮ್ ಪೆಟ್ಟಿಗೆಯನ್ನೂ ಇಣುಕಿ ನೋಡಿ, ಒಳ್ಳೆಯ ಪತ್ರ ಸಿಕ್ಕಿದರೆ 'ನಾಟ್ ಸ್ಪ್ಯಾಮ್' ಒತ್ತಿ. ಜಿಮೇಲ್‌ನಲ್ಲಿ 30 ದಿನ ಕಳೆದರೆ ಅದು ತಾನಾಗಿಯೇ ಅಳಿಸಿ ಹೋಗುತ್ತೆ, ಆಮೇಲೆ ಹುಡುಕಿದರೂ ಸಿಗದು.

ಫಾರ್ವರ್ಡ್ ಮಾಡುವ ಮುಂಚೆ

ನಮ್ಮಲ್ಲಿ ಹೆಚ್ಚು ಹಾನಿ ಆಗುವುದು ಇಲ್ಲಿ ಎಂದೇ ಅನ್ನಿಸುತ್ತದೆ. ಸಭೆಯ ನೋಟೀಸನ್ನು ಅರವತ್ತು ಸಂಘಗಳಿಗೆ ಕಳಿಸುವಾಗ ಅರವತ್ತೂ ವಿಳಾಸಗಳನ್ನು 'ಟು' ಎಂಬಲ್ಲಿ ಹಾಕಿಬಿಡುತ್ತೇವೆ. ಆಗ ಪ್ರತಿಯೊಬ್ಬರಿಗೂ ಎಲ್ಲರ ವಿಳಾಸ ಕಾಣುತ್ತದೆ. ಅದನ್ನು ಒಬ್ಬರು ತಮ್ಮ ಭಾವನಿಗೆ, ಭಾವ ತಮ್ಮ ಆಫೀಸಿಗೆ ಫಾರ್ವರ್ಡ್ ಮಾಡಿದರೆ ಪಟ್ಟಿ ಹಾಗೇ ಊರೂರು ಸುತ್ತುತ್ತೆ. ದಾರಿಯಲ್ಲಿ ವೈರಸ್ ಇರುವ ಒಂದೇ ಒಂದು ಕಂಪ್ಯೂಟರ್ ಸಿಕ್ಕಿದರೂ ಸಾಕು, ಅರವತ್ತು ವಿಳಾಸಗಳು ಮಾರಾಟಕ್ಕೆ! ಸದಸ್ಯೆಯರ ಹೆಸರು, ಫೋನ್ ನಂಬರ್, ಆಧಾರ್ ಸಂಖ್ಯೆ ಇರುವ ಪಟ್ಟಿಯನ್ನೂ ಅದರ ಜೊತೆ ಅಂಟಿಸಿದ್ದರೆ ಗತಿ ಏನು, ಯೋಚಿಸಿ.

ಪರಿಹಾರ ಸುಲಭ. 'ಟು' ಕೆಳಗೆ 'ಬಿಸಿಸಿ' ಎಂದು ಇನ್ನೊಂದು ಜಾಗ ಇದೆ. ಎಲ್ಲರ ವಿಳಾಸ ಅಲ್ಲಿ ಹಾಕಿ, 'ಟು'ನಲ್ಲಿ ನಿಮ್ಮದೇ ವಿಳಾಸ ಹಾಕಿ. ಆಗ ಯಾರಿಗೂ ಇನ್ನೊಬ್ಬರ ವಿಳಾಸ ಕಾಣದು. ಬಂದ ಪತ್ರವನ್ನು ಮುಂದಕ್ಕೆ ಕಳಿಸುವುದಾದರೆ ಅದರೊಳಗಿನ ಹಳೆಯ ವಿಳಾಸಗಳನ್ನು ಅಳಿಸಿಯೇ ಕಳಿಸಿ.

"ಈ ಪ್ರಾರ್ಥನೆಯನ್ನು ಹತ್ತು ಜನರಿಗೆ ಕಳಿಸಿ, ಕಳಿಸದಿದ್ದರೆ ಕೇಡು" ಎಂಬ ಸರಪಳಿ ಪತ್ರಗಳೂ ಇದೇ ಜಾತಿ. ಎಲ್ಲ ಧರ್ಮದ ಹೆಸರಿನಲ್ಲೂ ಬರುತ್ತವೆ. ಹೆದರಿಸಿ ಮಾಡಿಸುವುದು ಪ್ರಾರ್ಥನೆಯಲ್ಲ, ನಿಮ್ಮಲ್ಲಿಗೇ ನಿಲ್ಲಿಸಿಬಿಡಿ.

ವಿಳಾಸವೂ ಬೀಗದ ಕೈಯೂ

ಬಹುಮಾನದ ಕೂಪನ್ನಿಗೆ, ಮೇಳದ ಮಳಿಗೆಯ ಪುಸ್ತಕಕ್ಕೆ ಸಂಘದ ವಿಳಾಸ ಬರೆಯಬೇಡಿ, ಅಂಥದಕ್ಕೆ ಬೇರೆಯದೇ ಒಂದು ಇಟ್ಟುಕೊಳ್ಳಿ. ಪಾಸ್‌ವರ್ಡ್ ಉದ್ದವಾಗಿರಲಿ, ಎರಡು ಹಂತದ ಪರಿಶೀಲನೆಯನ್ನು ಚಾಲೂ ಮಾಡಿ. ಕಂಪ್ಯೂಟರ್ "ಅಪ್‌ಡೇಟ್ ಮಾಡಲೇ?" ಎಂದು ಕೇಳಿದಾಗ "ನಾಳೆ" ಅಂತ ಮುಂದೂಡಬೇಡಿ. ನೀವು ಕಳಿಸದ ಪತ್ರ ನಿಮ್ಮ ಹೆಸರಲ್ಲಿ ಬಂತೆಂದು ಯಾರಾದರೂ ಹೇಳಿದರೆ ಕೂಡಲೇ ಪಾಸ್‌ವರ್ಡ್ ಬದಲಿಸಿ. ನಿಮ್ಮ ಪತ್ರಗಳು ತಾನಾಗಿಯೇ ಬೇರೆ ವಿಳಾಸಕ್ಕೆ ಹೋಗುವಂತೆ ಯಾರಾದರೂ ಸೆಟ್ಟಿಂಗ್ ಮಾಡಿದ್ದಾರೆಯೇ ಎಂಬುದನ್ನೂ ತಿಳಿದವರಿಂದ ನೋಡಿಸಿ.

ಮೊಬೈಲಿಗೆ ಬರುವ ಜಾಹೀರಾತು ಕರೆ, ಮೆಸೇಜು ನಿಲ್ಲಿಸಲು 1909ಕ್ಕೆ ಹೇಳಬಹುದು, ಇ-ಮೇಲ್‌ಗೆ ಅಂಥ ನೋಂದಣಿ ನಮ್ಮ ದೇಶದಲ್ಲಿಲ್ಲ. ಹಣ ಕಳೆದುಕೊಂಡಿದ್ದರೆ ಮಾತ್ರ ನಾಚಿಕೆಪಟ್ಟು ಕೂರಬೇಡಿ. 1930ಕ್ಕೆ ತಕ್ಷಣ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಇನ್ನೊಂದು ಖಾತೆಗೆ ದಾಟುವ ಮುಂಚೆ ತಡೆಹಿಡಿಯುವ ಅವಕಾಶ ಮೊದಲ ಕೆಲವು ಗಂಟೆಗಳಲ್ಲೇ ಹೆಚ್ಚು.

ಮುಂದಿನ ಸಭೆಗೆ

ಸಂಘದ ಇ-ಮೇಲನ್ನು ಎಲ್ಲರೂ ಕುಳಿತು ಒಟ್ಟಿಗೆ ತೆರೆಯಿರಿ. ಸ್ಪ್ಯಾಮ್ ಪೆಟ್ಟಿಗೆಯಲ್ಲಿ ನಿಜವಾದ ಪತ್ರ ಯಾವುದಾದರೂ ಬಿದ್ದಿದೆಯೇ ನೋಡಿ. ಪಾಸ್‌ವರ್ಡ್ ಎಷ್ಟು ಜನರಿಗೆ ಗೊತ್ತಿದೆ, ಸಂಘ ಬಿಟ್ಟು ಹೋದವರ ಹತ್ತಿರವೂ ಇದೆಯೇ ಕೇಳಿ. ಕಳೆದ ತಿಂಗಳ ನೋಟೀಸು 'ಟು'ನಲ್ಲಿ ಹೋಯಿತೋ 'ಬಿಸಿಸಿ'ಯಲ್ಲಿ ಹೋಯಿತೋ ಎಂಬುದನ್ನು ಕಾರ್ಯದರ್ಶಿಯವರು ತೆರೆದು ತೋರಿಸಲಿ.